ಲೀವ್ ಅಂಡ್ ಲೈಸೆನ್ಸ್ ಮೇಲೆ ಕೊಂಡ ಆಟಗಳು

ಈ ಮೇ ತಿಂಗಳಲ್ಲಿ ನನ್ನ ಅಕ್ಕನ ಮಗ ಶಾಲೆಗೆ ರಜೆಯೆಂದು ಪುಣೆಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. 14 ವರ್ಷದ ಹುಡುಗ. ಬಂದ ಎರಡನೆಯ ದಿನವೇ, ಪುಸ್ತಕದ ಕಪಾಟಿನ ಕೆಳಗಿನ ಖಾನೆಯಲ್ಲಿ ಸಾಲಾಗಿ ನಿಲ್ಲಿಸಿಟ್ಟಿದ್ದ ಕಂಪ್ಯೂಟರ್ ಆಟಗಳ ಡಬ್ಬಿಗಳು ಅವನ ಕಣ್ಣಿಗೆ ಬಿದ್ದವು. ಒಟ್ಟು 23 ಡಬ್ಬಿಗಳು, 2007ರಿಂದ 2013ರವರೆಗೆ ಸಂಬಳದಲ್ಲಿ ಉಳಿಸಿ ಒಂದೊಂದಾಗಿ ಕೊಂಡವು. ಅವುಗಳಲ್ಲಿ ಒಂದನ್ನು ಹೊರಗೆಳೆದು, ಹಿಂಬದಿಯ ಚಿತ್ರಗಳನ್ನು ನೋಡಿ, “ಮಾವ, ಇದನ್ನ ಆಡ್ಬಹುದಾ?” ಎಂದು ಕೇಳಿದ. ಆಡಬಹುದು ಎಂದೆ. ದುಡ್ಡು ಕೊಟ್ಟು ಕೊಂಡ ಆಟ ನನ್ನ ಮನೆಯಲ್ಲೇ ಇದೆ, ಡಿಸ್ಕಿನ ಮೇಲೆ ಒಂದು ಗೀರೂ ಇಲ್ಲ. ಆಡಬಹುದು ಎನ್ನುವುದಕ್ಕೆ ಇನ್ನೇನು ಬೇಕು ಎಂದೇ ನಾನು ತಿಳಿದಿದ್ದೆ.

ನನ್ನ ಈಗಿನ ಕಂಪ್ಯೂಟರಿಗೆ ಡಿಸ್ಕ್ ಹಾಕುವ ಜಾಗವಿಲ್ಲ. ಮರುದಿನ ಆಫೀಸಿನಿಂದ ಬರುವಾಗ ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಯುಎಸ್‌ಬಿಗೆ ಜೋಡಿಸುವ ಡಿವಿಡಿ ಡ್ರೈವ್ ತಂದೆ. ಆಟ ಇನ್‌ಸ್ಟಾಲ್ ಆಯಿತು. ಡಬ್ಬಿಯೊಳಗಿನ ಪುಸ್ತಿಕೆಯ ಹಿಂದೆ ಅಂಟಿಸಿದ್ದ ಸೀರಿಯಲ್ ಕೀಯನ್ನು ಹುಡುಗ ಒಂದೊಂದೇ ಅಕ್ಷರ ಓದಿ ಹೇಳಿದ, ನಾನು ಟೈಪ್ ಮಾಡಿದೆ. ಆಮೇಲೆ ಅದು ಲಾಗಿನ್ ಕೇಳಿತು. ಆ ಖಾತೆಯನ್ನು ನಾನು ತೆರೆದದ್ದು 2009ರಲ್ಲಿ. ಅದಕ್ಕೆ ಕೊಟ್ಟ ಮಿಂಚಂಚೆ ನನ್ನ ಹಳೆಯ ಕಂಪನಿಯದು, ಫೋನ್ ನಂಬರನ್ನು ಬಿಟ್ಟು ಹತ್ತು ವರ್ಷವಾಗಿದೆ. ಗ್ರಾಹಕ ಸೇವೆಗೆ ಬರೆದಾಗ, ಸೀರಿಯಲ್ ಕೀ ಕಾಣುವಂತೆ ಪುಸ್ತಿಕೆಯ ಮೇಲೆ ದೂರಿನ ಸಂಖ್ಯೆಯನ್ನು ಪೆನ್ನಿನಿಂದ ಬರೆದು, ಅದರ ಫೋಟೋ ತೆಗೆದು ಕಳುಹಿಸಲು ಹೇಳಿದರು. ಅಷ್ಟು ವರ್ಷ ಒಂದು ಕಲೆಯೂ ಆಗದಂತೆ ಇಟ್ಟುಕೊಂಡಿದ್ದ ಪುಸ್ತಿಕೆಯ ಮೇಲೆ ಪೆನ್ನು ಹಚ್ಚುವಾಗ ಮನಸ್ಸಿಗೆ ಸಂಕಟವಾಯಿತು. ಒಂಬತ್ತು ದಿನಗಳ ನಂತರ ಉತ್ತರ ಬಂತು: ಖಾತೆ ನಿಮ್ಮದೇ ಎಂದು ಒಪ್ಪಿದ್ದೇವೆ, ಆದರೆ ಈ ಆಟದ ಆ್ಯಕ್ಟಿವೇಶನ್ ಸೇವೆಯನ್ನು, ಅಂದರೆ ಪ್ರತಿ ಅಸಲಿಯೆಂದು ಇಂಟರ್‌ನೆಟ್ ಮೂಲಕ ನಮ್ಮ ಸರ್ವರ್ ಒಪ್ಪಿ ಆಟವನ್ನು ತೆರೆಯುವ ವ್ಯವಸ್ಥೆಯನ್ನು, ನಿಲ್ಲಿಸಲಾಗಿದೆ, ಅದನ್ನು ಇನ್ನು ಚಾಲೂ ಮಾಡಲು ಆಗುವುದಿಲ್ಲ. ಆ ಹೊತ್ತಿಗೆ ಹುಡುಗನ ರಜೆ ಮುಗಿಯಲು ನಾಲ್ಕೇ ದಿನ ಉಳಿದಿತ್ತು.

ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪದ್ಧತಿಯಲ್ಲಿ ಮಾರಿದ ಯಾವ ಕಂಪನಿಯೂ ಒಂದಲ್ಲ ಒಂದು ದಿನ ಇದೇ ಉತ್ತರವನ್ನು ಬರೆಯಬೇಕಾಗುತ್ತದೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಇದೇ ಆಟವನ್ನು ಅಂದು ಪೈರೇಟೆಡ್ ಸಿಡಿಯಲ್ಲಿ ಕೊಂಡಿದ್ದರೆ ನನ್ನ ಅಳಿಯ ಮೊದಲ ದಿನವೇ ಆಡುತ್ತಿದ್ದ.

ಇದನ್ನು ಹೇಳುವ ಮುನ್ನ ನನ್ನ ಹಿಂದಿನ ಕತೆಯನ್ನೂ ಹೇಳಬೇಕು. 1994ರಲ್ಲಿ, ಡೊಂಬಿವಲಿ ಪೂರ್ವದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಮೊದಲು ಆಡಿದ ಆಟ ಪ್ರಿನ್ಸ್ ಆಫ್ ಪರ್ಷಿಯಾ. ಫ್ಲಾಪಿಯಿಂದ ಫ್ಲಾಪಿಗೆ ಪ್ರತಿಯಾಗುತ್ತಾ ಬಂದ ಆಟ. ಅಂಗಡಿಯ ಡಬ್ಬಿಯಲ್ಲಿ ಅದನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಮೊದಲ ಹಂತ ಮುಗಿದೊಡನೆ ಒಂದು ಕೋಣೆ ಬರುತ್ತದೆ, ಅಲ್ಲಿ ಅಕ್ಷರಗಳ ಕೆಳಗೆ ಔಷಧದ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನು ಕುಡಿಯಬೇಕು. ನಮ್ಮ ಬಳಿ ಕೈಪಿಡಿ ಇರಲಿಲ್ಲ. ಅಂದಾಜಿನಲ್ಲಿ ಕುಡಿದು ಸಾಯುತ್ತಾ, ಹೊಂದಿಕೆಯಾದ ಉತ್ತರಗಳನ್ನು ಒಬ್ಬ ದೊಡ್ಡ ಹುಡುಗ ಇನ್ನೂರು ಪುಟದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದ. ಆ ಹಾಳೆ ಕ್ಲಾಸಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಆ ಕೋಣೆ ಇದ್ದದ್ದು ನಕಲು ತಡೆಯುವುದಕ್ಕೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಲ್ಲಿಯವರೆಗೆ ಅದೂ ಆಟದ ಒಂದು ಒಗಟು ಎಂದೇ ಭಾವಿಸಿದ್ದೆ.

ಕಾಲೇಜಿನ ದಿನಗಳಲ್ಲಿ ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಕವರಿನ ಸಿಡಿಗಳನ್ನು ಕೊಂಡೆ. ಅದು ಕಳ್ಳಮಾಲು ಎಂದು ಚೆನ್ನಾಗಿಯೇ ಗೊತ್ತಿತ್ತು. ಆ ಅಭ್ಯಾಸ ನಿಂತದ್ದು ಕೆಲಸಕ್ಕೆ ಸೇರಿದ ಮೇಲೆ. ಐರೋಳಿಯ ಒಂದು ಸಣ್ಣ ಕಂಪನಿಯಲ್ಲಿ ನಾವು ಎಂಟು ಜನ ಹದಿನಾಲ್ಕು ತಿಂಗಳು ಕೂತು ಒಂದು ಅಕೌಂಟಿಂಗ್ ತಂತ್ರಾಂಶ ಬರೆದೆವು. ಅದು ಹೊರಬಂದ ಮೂರನೆಯ ವಾರ ಅದರ ಕ್ರ್ಯಾಕ್ ಪ್ರತಿಯನ್ನು, ಅಂದರೆ ಬೀಗ ಒಡೆದ ನಕಲನ್ನು, ಒಬ್ಬ ಗ್ರಾಹಕರ ಕಂಪ್ಯೂಟರಿನಲ್ಲಿ ನಾನೇ ಕಂಡೆ. ಅಂದು ರಾತ್ರಿ ಲೋಕಲ್‌ನಲ್ಲಿ ಮನೆಗೆ ಬರುವಾಗ ನನ್ನ ಫುಟ್‌ಪಾತ್ ಸಿಡಿಗಳ ನೆನಪಾಯಿತು. ಅವನ್ನೆಲ್ಲ ಎಸೆದು, ಮುಂದಿನ ತಿಂಗಳ ಸಂಬಳದಲ್ಲಿ 999 ರೂಪಾಯಿ ಕೊಟ್ಟು ಮೊದಲ ಅಸಲಿ ಆಟವನ್ನು ಕೊಂಡೆ. ಹೀಗಾಗಿ, ನಕಲು ತಡೆಯುವ ಬೀಗಗಳ ಬಗ್ಗೆ ನಾನು ಮುಂದೆ ಹೇಳುವ ಯಾವ ಮಾತೂ ಪುಕ್ಕಟೆ ಆಡುವವರ ಪರವಾದದ್ದಲ್ಲ. ದುಡಿದವರಿಗೆ ದುಡ್ಡು ಸಿಗಲೇಬೇಕು.

ಆ ಮೊದಲ ಅಸಲಿ ಆಟದ ಡಬ್ಬಿಯನ್ನು ನಾನು ಮೊದಲು ತೋರಿಸಿದ್ದು ದೊಡ್ಡಪ್ಪನಿಗೆ. ಅವರು ಕುಂದಾಪುರದ ಹತ್ತಿರದ ಹಳ್ಳಿಯಿಂದ 1962ರಲ್ಲಿ ಮುಂಬಯಿಗೆ ಬಂದು, ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಸೇರಿ, ಕೊನೆಗೆ ಗಲ್ಲೆಯಲ್ಲಿ ಕೂತವರು. ಆಟದ ಬಗ್ಗೆ ಒಂದು ಮಾತೂ ಕೇಳದೆ, “ಬಿಲ್ ತಕೊಂಡ್ಯಾ? ಒಂದ್ ಜೆರಾಕ್ಸ್ ಮಾಡ್ಸಿ ಇಡ್” ಎಂದರು. ಅವರಿಗೆ ಪಾವತಿಯ ಮೇಲೆ ಅಷ್ಟೊಂದು ಭಕ್ತಿ ಯಾಕೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಡಿಸ್ಕ್ ಕಾಲದ ಬೀಗಗಳು ಹೇಗಿದ್ದವು ಎಂಬುದನ್ನು ಈಗಿನವರಿಗೆ ಸ್ವಲ್ಪ ವಿವರಿಸಬೇಕು. ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಎಂಬವು ಆಗಿನ ಮುಖ್ಯ ಹೆಸರುಗಳು. ಸಾಮಾನ್ಯ ರೈಟರಿನಲ್ಲಿ ಪ್ರತಿ ಮಾಡಿದರೆ ಸರಿಯಾಗಿ ನಕಲಾಗದಂಥ ಗುರುತುಗಳನ್ನು ಡಿಸ್ಕಿನಲ್ಲೇ ಇಟ್ಟು, ಆಟ ಶುರುವಾಗುವಾಗ ಆ ಗುರುತು ಇದೆಯೇ ಎಂದು ನೋಡುವುದು ಇವುಗಳ ಮೂಲ ಉಪಾಯ. ಹಾಗೆ ನೋಡಲು ಇವುಗಳಲ್ಲಿ ಕೆಲವು ವಿಂಡೋಸ್‌ನ ಒಳಮನೆಗೇ ಹೋಗಿ ಡ್ರೈವರ್ ಎಂಬ ತಂತ್ರಾಂಶ ಕೂರಿಸುತ್ತಿದ್ದವು. ಆಟ ಆಡಲು ಕೊಂಡವನ ಕಂಪ್ಯೂಟರಿನಲ್ಲಿ, ಅವನನ್ನು ಕೇಳದೆ, ಅತ್ಯುನ್ನತ ಅಧಿಕಾರದ ಒಬ್ಬ ಕಾವಲುಗಾರನನ್ನು ನೇಮಿಸಿದಂತೆ ಇದು. ಬಳಕೆದಾರರ ಸಿಟ್ಟಿನ ನಂತರ ಆಟಗಳ ಕಂಪನಿ ಯೂಬಿಸಾಫ್ಟ್ 2006ರಲ್ಲಿ ಸ್ಟಾರ್‌ಫೋರ್ಸ್ ಅನ್ನು ಕೈಬಿಟ್ಟಿತು. ಸೇಫ್‌ಡಿಸ್ಕ್‌ನ ಡ್ರೈವರಿನಲ್ಲಿ ಭದ್ರತೆಯ ತೂತುಗಳಿದ್ದ ಕಾರಣ 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದೇ ವರ್ಷ ಹಳೆಯ ವಿಂಡೋಸ್‌ಗಳಲ್ಲೂ ಒಂದು ಅಪ್‌ಡೇಟ್ ಅದನ್ನು ನಿಲ್ಲಿಸಿತು. ಆ ತೀರ್ಮಾನ ಸರಿಯಾದದ್ದೇ, ತೂತಿರುವ ಬಾಗಿಲನ್ನು ಯಾರಾದರೂ ಮುಚ್ಚಲೇಬೇಕು. ಆದರೆ ಆ ಬೀಗ ಹಾಕಿ ಮಾರಿದ ಆಟಗಳ ಅಸಲಿ ಡಿಸ್ಕುಗಳು ಅಂದಿನಿಂದ ಸುಮ್ಮನೆ ಮಲಗಿದವು. ಬೀಗ ಒಡೆದ ನಕಲು ಪ್ರತಿಗಳಿಗೆ ಏನೂ ಆಗಲಿಲ್ಲ, ಏಕೆಂದರೆ ಅವುಗಳಲ್ಲಿ ಆ ಡ್ರೈವರೇ ಇರಲಿಲ್ಲ.

2007ರ ನಂತರ ಬೀಗ ಡಿಸ್ಕಿನಿಂದ ಇಂಟರ್‌ನೆಟ್ಟಿಗೆ ಸರಿಯಿತು. ಆ ವರ್ಷದ ಆಗಸ್ಟಿನಲ್ಲಿ ಬಂದ ಬಯೋಶಾಕ್ ಆಟವನ್ನು ಮೊದಲಿಗೆ ಎರಡೇ ಬಾರಿ ಆ್ಯಕ್ಟಿವೇಟ್ ಮಾಡಲು ಸಾಧ್ಯವಿತ್ತು; ಗಲಾಟೆಯಾದ ಮೇಲೆ ಅದನ್ನು ಐದಕ್ಕೆ ಏರಿಸಿ, ಮರುವರ್ಷ ಮಿತಿಯನ್ನೇ ತೆಗೆದರು. 2008ರ ಸೆಪ್ಟೆಂಬರಿನ ಸ್ಪೋರ್ ಆಟಕ್ಕೆ ಮೂರು ಬಾರಿಯ ಮಿತಿ ಇತ್ತು. ಅಮೆಜಾನ್‌ನಲ್ಲಿ ಸಾವಿರಾರು ಜನ ಅದಕ್ಕೆ ಒಂದೇ ನಕ್ಷತ್ರ ಕೊಟ್ಟು ಪ್ರತಿಭಟಿಸಿದರು, ಅಮೆರಿಕದಲ್ಲಿ ಮೊಕದ್ದಮೆಯೂ ಆಯಿತು. ಬಿಡುಗಡೆಗೆ ಮುನ್ನವೇ ಅದರ ಕ್ರ್ಯಾಕ್ ಪ್ರತಿ ಹೊರಬಿದ್ದಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಯಾರನ್ನು ತಡೆಯಬೇಕಿತ್ತೋ ಅವರು ಒಂದು ದಿನವೂ ಕಾಯಲಿಲ್ಲ. ಅಂಗಡಿಗೆ ಹೋಗಿ ಕೊಂಡವರು ಮಾತ್ರ ಬೆರಳು ಮಡಚಿ ಲೆಕ್ಕ ಇಡಬೇಕಾಯಿತು.

ಈ ಲೆಕ್ಕ ನಮ್ಮಂಥವರಿಗೆ ಎಷ್ಟು ಕಠಿಣವಾಗಿತ್ತೆಂದು ಆ ನಿಯಮ ಮಾಡಿದವರಿಗೆ ತಿಳಿದಿರಲಿಕ್ಕಿಲ್ಲ. ಆಗ ನಮ್ಮ ಬಿಲ್ಡಿಂಗಿನಲ್ಲಿದ್ದ ಕಂಪ್ಯೂಟರುಗಳೆಲ್ಲ ಬಿಡಿಭಾಗ ತಂದು ಅಸೆಂಬಲ್ ಮಾಡಿಸಿದವು. ಮಹಾವಿತರಣದ ಲೋಡ್ ಶೆಡ್ಡಿಂಗ್ ದಿನಕ್ಕೆ ಕೆಲವು ಗಂಟೆ ಇರುತ್ತಿತ್ತು, ಕರೆಂಟು ಹೋಗಿ ಬರುವ ಹೊಡೆತಕ್ಕೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಸುಡುತ್ತಿತ್ತು, ಕೆಲವೊಮ್ಮೆ ಅದರೊಡನೆ ಮದರ್‌ಬೋರ್ಡೂ ಹೋಗುತ್ತಿತ್ತು. ಮಳೆಗಾಲದ ತೇವಕ್ಕೆ ರ್‍ಯಾಮ್ ಕೈಕೊಟ್ಟರೆ ಬಿಚ್ಚಿ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುತ್ತಿದ್ದೆವು. ಆರು ತಿಂಗಳಿಗೊಮ್ಮೆ ವೈರಸ್ ಬಂತೆಂದು ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡುವುದು, ಮನೆಯ ಹೆಂಗಸರು ದೀಪಾವಳಿಗೆ ಮುಂಚೆ ಅಟ್ಟ ಗುಡಿಸಿದಷ್ಟೇ ಸಹಜವಾಗಿತ್ತು. ದೂರದ ಸರ್ವರಿಗೆ ಈ ರಿಪೇರಿಗಳೆಲ್ಲ ಹೊಸ ಕಂಪ್ಯೂಟರುಗಳಾಗಿ ಕಾಣುತ್ತಿದ್ದವು. ಒಂದೇ ಮೇಜು, ಒಂದೇ ಕುರ್ಚಿ, ಅದರ ಮೇಲೆ ಕೂತವನೂ ಒಬ್ಬನೇ. ಆದರೂ ಎರಡು ವರ್ಷದಲ್ಲಿ ನನ್ನ ಒಂದು ಆಟದ ಆ್ಯಕ್ಟಿವೇಶನ್‌ಗಳೆಲ್ಲ ಮುಗಿದುಹೋದವು. ನಾನು ಆ ಆಟವನ್ನು ಐದು ಜನಕ್ಕೆ ಹಂಚಿದ್ದೇನೆಂದು ಆ ಲೆಕ್ಕದ ಅರ್ಥ. ಹಂಚಿದ್ದಿಲ್ಲ. ಪಕ್ಕದ ಮನೆಯ ಹುಡುಗ ಕೇಳಿದಾಗ ಕೊಟ್ಟೂ ಇರಲಿಲ್ಲ, ಒಂದು ಆ್ಯಕ್ಟಿವೇಶನ್ ಹೋದೀತೆಂಬ ಭಯದಿಂದ. ಆ ಹುಡುಗನಿಗೆ ಇಲ್ಲ ಎಂದದ್ದು ಇಂದಿಗೂ ನೆನಪಾಗುತ್ತದೆ, ಏಕೆಂದರೆ ನಾನು ಬೆಳೆದದ್ದು ಪುಸ್ತಕವನ್ನಾಗಲಿ, ಕ್ಯಾಸೆಟ್ಟನ್ನಾಗಲಿ, ಕ್ರಿಕೆಟ್ ಬ್ಯಾಟನ್ನಾಗಲಿ ಕೇಳಿದವರಿಗೆ ಕೊಡುವ ಕಟ್ಟಡದಲ್ಲಿ.

2010ರ ಮಾರ್ಚಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಸಾಸಿನ್ಸ್ ಕ್ರೀಡ್ 2 ಆಟದ ಪಿಸಿ ಆವೃತ್ತಿಗೆ, ಒಬ್ಬನೇ ಕೂತು ಆಡುವಾಗಲೂ ಕ್ಷಣ ಬಿಡದೆ ಇಂಟರ್‌ನೆಟ್ ಇರಬೇಕು ಎಂಬ ಷರತ್ತು ಬಂತು. ಬಿಡುಗಡೆಯಾದ ದಿನಗಳಲ್ಲೇ ಆ ಸರ್ವರುಗಳ ಮೇಲೆ ದಾಳಿಯಾಗಿ, ದುಡ್ಡು ಕೊಟ್ಟ ಎಷ್ಟೋ ಜನ ಆಡಲಾಗದೆ ಕೂತರು. ನಾನು ಆ ಡಬ್ಬಿಯನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡು, ಹಿಂಬದಿಯ ಷರತ್ತನ್ನು ಓದಿ, ಮತ್ತೆ ಅಲ್ಲೇ ಇಟ್ಟು ಬಂದೆ. ನಮ್ಮ ಮನೆಗೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಇತ್ತು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಾತ್ರ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕಿಲ್ಲ ಎಂಬ ಯೋಜನೆ. ಅಲಾರ್ಮ್ ಇಟ್ಟು ಎರಡು ಗಂಟೆಗೆ ಎದ್ದು ಡೌನ್‌ಲೋಡ್ ಶುರುಮಾಡಿ ಮಲಗುವ ಕಾಲ ಅದು. ಹಗಲೆಲ್ಲ ಸಂಪರ್ಕ ಹಿಡಿದುಕೊಂಡು ಕೂರುವ ಆಟಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಯೂಬಿಸಾಫ್ಟ್ 2012ರಲ್ಲಿ ಆ ಷರತ್ತನ್ನು ಹಿಂತೆಗೆದುಕೊಂಡಿತು. ಆದರೆ ಅದೇ ವರ್ಷದ ಮೇ 15ರಂದು ಬಂದ ಡಯಾಬ್ಲೋ 3 ಮೊದಲ ದಿನವೇ, ಸರ್ವರಿಗೆ ಬಿಡುವಿಲ್ಲ ಎನ್ನುವ ಎರರ್ 37 ಎಂಬ ಸಂದೇಶಕ್ಕೆ ಪ್ರಸಿದ್ಧವಾಯಿತು, 2013ರ ಮಾರ್ಚಿನ ಸಿಮ್‌ಸಿಟಿಗೂ ಅದೇ ಗತಿಯಾಯಿತು. ಸಿಮ್‌ಸಿಟಿಯ ವಿಷಯದಲ್ಲಿ ನನಗೆ ಹೆಚ್ಚು ನೋವಾದದ್ದು, ನಗರದ ಲೆಕ್ಕಾಚಾರವೆಲ್ಲ ತಮ್ಮ ಸರ್ವರಿನಲ್ಲೇ ನಡೆಯಬೇಕು, ಇಂಟರ್‌ನೆಟ್ ಇಲ್ಲದೆ ಆಟ ಸಾಧ್ಯವಿಲ್ಲ ಎಂಬ ಅರ್ಥದ ಮಾತುಗಳನ್ನು ಮೊದಲು ಆಡಿ, ಸರಿಯಾಗಿ ಒಂದು ವರ್ಷದ ನಂತರ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆಯನ್ನು ಅವರೇ ಕೊಟ್ಟಾಗ. ಸಾಧ್ಯವಿಲ್ಲ ಎಂಬ ಮಾತನ್ನು ನಾನು ಒಬ್ಬ ತಂತ್ರಾಂಶ ಬರೆಯುವವನಾಗಿ ನಂಬಿದ್ದೆ.

ಈಗ ಫೈಬರ್ ಬಂದಿದೆ, ಇಂಟರ್‌ನೆಟ್ ಇಲ್ಲದ ಹೊತ್ತು ಯಾವುದು ಎಂದು ಕೇಳುವವರಿದ್ದಾರೆ. ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ನೋಡಿ ಎಂದು ನಾನು ಅವರಿಗೆ ಹೇಳುತ್ತೇನೆ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಹೊರಟ ಗಾಡಿ ರೋಹಾ ದಾಟಿದ ಮೇಲೆ ಕೊಂಕಣ ರೈಲ್ವೆಯ ಸುರಂಗಗಳು ಶುರುವಾಗುತ್ತವೆ. ರತ್ನಾಗಿರಿಗೆ ಮುನ್ನ ಬರುವ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದ. 2019ರ ದಸರೆಗೆ ಹೋಗುವಾಗ, ಮನೆಯಲ್ಲೇ ತೆರೆದು ಪರೀಕ್ಷಿಸಿ ತಂದಿದ್ದ ಒಂದು ಆಟ, ಚಿಪಳೂಣ್ ದಾಟಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ತೆರೆದೊಡನೆ ಮತ್ತೆ ಲಾಗಿನ್ ಕೇಳಿತು. ಲಾಗಿನ್‌ಗೆ ಓಟಿಪಿ, ಓಟಿಪಿಗೆ ನೆಟ್‌ವರ್ಕ್. ಸುರಂಗ ಮುಗಿದು ಒಂದು ಕಡ್ಡಿ ಸಿಗ್ನಲ್ ಬಂದು ಸಂದೇಶ ತಲುಪುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಎದುರಿನ ಸೀಟಿನ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಆಟವನ್ನು ನಿರಾತಂಕವಾಗಿ ಆಡುತ್ತಿದ್ದ. ಕೇಳಿದೆ, ಕ್ರ್ಯಾಕ್ ಎಂದ. ಅವನ ಮೇಲೆ ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಆ ಕ್ಷಣದಲ್ಲಿ ಅವನಿಗೆ ಪ್ರಾಮಾಣಿಕತೆಯ ಪರವಾಗಿ ಹೇಳಲು ನನ್ನ ಬಳಿ ತೋರಿಸಬಹುದಾದ ಒಂದು ಪರದೆಯೂ ಇರಲಿಲ್ಲ.

ಈಗ ದೊಡ್ಡಪ್ಪನ ಪಾವತಿಗಳಿಗೆ ಬರುತ್ತೇನೆ. 1969ರಲ್ಲಿ ಅವರು ವಡಾಲದ ಒಂದು ಚಾಳಿನಲ್ಲಿ ಒಂದು ಖೋಲಿ ಹಿಡಿದರು. ಪಗಡಿ, ಅಂದರೆ ಖೋಲಿ ಹಿಡಿಯುವಾಗ ಮಾಲೀಕನಿಗೆ ಒಮ್ಮೆಗೇ ಕೊಡುವ ದೊಡ್ಡ ಮೊತ್ತ, ಕೊಡುವಷ್ಟು ಹಣವಿರಲಿಲ್ಲ. ಮಾಲೀಕ ಅವರಿಗೆ ಅದನ್ನು ಭಾಡಿಗೆಗೆ ಕೊಡಲಿಲ್ಲ, ಲೀವ್ ಅಂಡ್ ಲೈಸೆನ್ಸ್ ಮೇಲೆ ಕೊಟ್ಟ. ಮುಂಬಯಿಯಲ್ಲಿ ಮನೆ ಹುಡುಕಿದವರೆಲ್ಲರಿಗೂ ಈ ಪದ ಗೊತ್ತು, 11 ತಿಂಗಳ ಕರಾರೂ ಗೊತ್ತು. ಭಾಡಿಗೆದಾರನಿಗೆ ರೆಂಟ್ ಕಾಯ್ದೆಯ ರಕ್ಷಣೆ ಇತ್ತು; ಲೈಸೆನ್ಸಿನ ಮೇಲೆ ಇದ್ದವನಿಗೆ ಇರಲಿಲ್ಲ. ಅವನು ಅನುಮತಿಯ ಮೇಲೆ ಕೂತವನು, ಅನುಮತಿ ಹಿಂತೆಗೆದರೆ ಟ್ರಂಕು ಎತ್ತಿಕೊಂಡು ಹೊರಡಬೇಕು. ಕೊಡುವ ಹಣ ಅದೇ, ಕೋಣೆ ಅದೇ, ಒಲೆ ಹಚ್ಚುವುದು, ಮಕ್ಕಳಾಗುವುದು ಎಲ್ಲ ಅದೇ. ಕಾಗದದ ಮೇಲಿನ ಒಂದು ಪದದಿಂದ ಮಾತ್ರ ಅವನ ಸ್ಥಿತಿ ಬೇರೆ. ಅಂಥ ಕಾಗದಗಳು ಊರು ತುಂಬಿದಾಗ, ಮಹಾರಾಷ್ಟ್ರದ ವಿಧಾನಮಂಡಲ 1973ರಲ್ಲಿ ಬಾಂಬೆ ರೆಂಟ್ ಕಾಯ್ದೆಗೆ ತಿದ್ದುಪಡಿ ತಂದಿತು: 1973ರ ಫೆಬ್ರುವರಿ 1ರಂದು ಊರ್ಜಿತದಲ್ಲಿದ್ದ ಲೈಸೆನ್ಸಿನ ಮೇಲೆ ವಾಸವಿದ್ದವರನ್ನು ಭಾಡಿಗೆದಾರರೆಂದೇ ಪರಿಗಣಿಸಬೇಕು ಎಂದು. ಆ ದಿನ ತಾನು ಆ ಖೋಲಿಯಲ್ಲಿ ಇದ್ದೆ ಎಂದು ತೋರಿಸಲು ದೊಡ್ಡಪ್ಪನ ಬಳಿ ಇದ್ದದ್ದು ಪಾವತಿಗಳ ಕಟ್ಟು. ಅದರ ಬಲದಿಂದ ಅವರು ಉಳಿದರು, ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಉಳಿದರು, ಈಗ ಅವರ ಮಗನ ಸಂಸಾರ ಅಲ್ಲೇ ಇದೆ.

ಆ ತಿದ್ದುಪಡಿಯಿಂದ ತೊಂದರೆಯೂ ಆಯಿತು ಎಂಬುದನ್ನು ಮುಚ್ಚಿಡಬಾರದು. ಮುಂದೆ ಮಾಲೀಕರು ಹೆದರಿ ಖಾಲಿ ಖೋಲಿಗೆ ಬೀಗ ಜಡಿದರು; 1999ರ ಕಾಯ್ದೆ ಲೈಸೆನ್ಸಿನ ಕರಾರಿಗೆ ನೋಂದಣಿ ಕಡ್ಡಾಯ ಮಾಡಿ, ಅವಧಿ ಮುಗಿದಾಗ ಜಾಗ ಹಿಂದಿರುಗಿ ಸಿಗುವ ಭರವಸೆಯನ್ನು ಮಾಲೀಕರಿಗೆ ಕೊಟ್ಟಿತು. ಎರಡೂ ಪಕ್ಷದ ಹಿತವನ್ನು ಇಷ್ಟು ವರ್ಷ ತೂಗಿ ನೋಡಿದ ಊರು ಇದು. ಅದರ ನಡುವೆ ಕೂತು ನಾನು, ಇಂಟರ್‌ನೆಟ್ಟಿನಲ್ಲಿ ಆಟಗಳನ್ನು ಕೊಡುವ ಸ್ಟೀಮ್ ಎಂಬ ಮಳಿಗೆಯ ಕರಾರನ್ನು ಓದಿದಾಗ, ಆಟಗಳನ್ನು ಮಾರುವುದಿಲ್ಲ, ಲೈಸೆನ್ಸ್ ಕೊಡುತ್ತೇವೆ ಎಂಬ ಅರ್ಥದ ವಾಕ್ಯ ಕಣ್ಣಿಗೆ ಬಿದ್ದು, ದೊಡ್ಡಪ್ಪನ 1969ರ ಕಾಗದವೇ ಮತ್ತೆ ಕೈಗೆ ಬಂದಂತಾಯಿತು. ಆದರೆ ಚಾಳಿನ ಕಾಗದದ ಮೇಲೆ ಲೈಸೆನ್ಸ್ ಎಂಬ ಪದ ಮೊದಲ ಸಾಲಿನಲ್ಲೇ ಇತ್ತು, ಅವಧಿ ಇಷ್ಟು ತಿಂಗಳು ಎಂದೂ ಇತ್ತು. ಆಟದ ಡಬ್ಬಿಯ ಹೊರಗೆ ಬೆಲೆ ಮಾತ್ರ ಇತ್ತು, ಪರದೆಯ ಮೇಲಿನ ಗುಂಡಿಯಲ್ಲಿ ಖರೀದಿಸಿ ಎಂದಿತ್ತು. ಎಷ್ಟು ವರ್ಷಕ್ಕೆ ಎಂಬುದು ಎಲ್ಲಿಯೂ ಇರಲಿಲ್ಲ.

ಈ ಒಂದು ಪದದ ವಿಷಯದಲ್ಲಿ ಈಚೆಗೆ ಸ್ವಲ್ಪ ಚಲನೆ ಕಂಡಿದೆ. ಕ್ಯಾಲಿಫೋರ್ನಿಯ ರಾಜ್ಯ 2024ರ ಸೆಪ್ಟೆಂಬರಿನಲ್ಲಿ ಒಂದು ಕಾನೂನು ಮಾಡಿತು: ಕೊಡುವುದು ಲೈಸೆನ್ಸ್ ಮಾತ್ರವಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ಖರೀದಿ ಎಂಬ ಪದ ಬಳಸುವಂತಿಲ್ಲ. ಅದು ಜಾರಿಗೆ ಬಂದದ್ದು 2025ರ ಜನವರಿ 1ರಿಂದ. ಅದಕ್ಕೂ ಮುನ್ನ, 2024ರ ಅಕ್ಟೋಬರಿನಲ್ಲೇ, ಸ್ಟೀಮ್‌ನಲ್ಲಿ ದುಡ್ಡು ಕಟ್ಟುವ ಪುಟದ ಮೇಲೆ ಆ ಸೂಚನೆ ಕಾಣಿಸಿಕೊಂಡಿತು. ಅದಕ್ಕೂ ದೊಡ್ಡ ಚರ್ಚೆ ಎದ್ದದ್ದು ದಿ ಕ್ರೂ ಎಂಬ ಕಾರ್ ಓಟದ ಆಟದಿಂದ. 2014ರಲ್ಲಿ ಬಂದ ಆ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದರು. ಒಬ್ಬನೇ ಆಡುವ ಭಾಗಕ್ಕೂ ಸರ್ವರ್ ಬೇಕಿದ್ದ ಕಾರಣ ಪೂರ್ತಿ ಆಟವೇ ಸತ್ತಿತು, ಆಮೇಲೆ ಕೊಂಡವರ ಖಾತೆಗಳಿಂದ ಲೈಸೆನ್ಸನ್ನೂ ತೆಗೆದರು. ಅದೇ ಏಪ್ರಿಲಿನಲ್ಲಿ ರಾಸ್ ಸ್ಕಾಟ್ ಎಂಬವರು ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಎಂಬ ಅಭಿಯಾನ ಶುರುಮಾಡಿದರು. ಅದರ ಬೆನ್ನಲ್ಲಿ ಬಂದ ಐರೋಪ್ಯ ಒಕ್ಕೂಟದ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಸರ್ವರುಗಳನ್ನು ಎಂದೆಂದಿಗೂ ನಡೆಸಿರಿ ಎಂದು ಅವರು ಕೇಳುತ್ತಿಲ್ಲ. ನಿಲ್ಲಿಸುವ ದಿನ, ಕೊಂಡವರು ತಮ್ಮಷ್ಟಕ್ಕೆ ಆಡಿಕೊಳ್ಳುವ ಸ್ಥಿತಿಯಲ್ಲಿ ಆಟವನ್ನು ಬಿಟ್ಟುಹೋಗಿರಿ ಎಂಬುದಷ್ಟೇ ಅವರ ಕೋರಿಕೆ. ನನಗೂ ಬೇಕಾದದ್ದು ಅಷ್ಟೇ.

ನಮ್ಮ ದೇಶದ ಕಾನೂನನ್ನೂ ತೆಗೆದು ಓದಿದೆ. 1957ರ ಕಾಪಿರೈಟ್ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಅದು ಹಾಳಾದೀತು, ಕಳೆದೀತು ಎಂಬ ಮುನ್ನೆಚ್ಚರಿಕೆಗಾಗಿ ಇನ್ನೊಂದು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆಯುವವರಿಗೆ ಎರಡು ವರ್ಷದವರೆಗೆ ಸಜೆ ವಿಧಿಸುತ್ತದೆ. ಉದ್ದೇಶ ಎಂಬ ಪದವನ್ನು ಅದರಲ್ಲಿ ಸೇರಿಸಿದ್ದು ಒಳ್ಳೆಯದಾಯಿತು. ಆದರೆ ಸರ್ವರ್ ಇಲ್ಲದೆ ಏಳದ ಆಟವನ್ನು ಎಷ್ಟು ಪ್ರತಿ ಮಾಡಿಟ್ಟುಕೊಂಡರೂ ಫಲವಿಲ್ಲ, ಕಾನೂನು ಕೊಟ್ಟ ಆ ಮುನ್ನೆಚ್ಚರಿಕೆಯ ಹಕ್ಕು ಅಲ್ಲಿ ಕೈಗೆ ಸಿಗುವುದೇ ಇಲ್ಲ.

ಹೊಸ ಆಟ ಹೊರಬಂದ ಮೊದಲ ವಾರಗಳಲ್ಲಿ ಬೀಗ ಇರಲಿ ಎಂಬ ವಾದ ನನಗೆ ಅರ್ಥವಾಗುತ್ತದೆ. ಮಾರಾಟದ ದೊಡ್ಡ ಪಾಲು ಆಗಲೇ ಆಗುವುದು, ನಮ್ಮ ಅಕೌಂಟಿಂಗ್ ತಂತ್ರಾಂಶದಲ್ಲೂ ಅದನ್ನು ಕಂಡಿದ್ದೇನೆ. ಈಗ ಹೆಚ್ಚು ಬಳಕೆಯಲ್ಲಿರುವ ಡೆನುವೊ ಎಂಬ ಬೀಗವನ್ನು ಕೆಲವರು ಆ ಕೆಲಸ ಮುಗಿದ ಮೇಲೆ ತಾವೇ ಬಿಚ್ಚುತ್ತಾರೆ. 2016ರ ಮೇಯಲ್ಲಿ ಬಂದ ಡೂಮ್ ಆಟದಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ತೆಗೆದರು. ತೇರು ಎಳೆದು ಮುಗಿದ ಮೇಲೆ ಬೀದಿಗೆ ಕಟ್ಟಿದ ಹಗ್ಗ ಬಿಚ್ಚುವಂತೆ ಎಲ್ಲರೂ ಹೀಗೆ ಮಾಡಿದರೆ ನನ್ನ ತಕರಾರಿನ ಮುಕ್ಕಾಲು ಭಾಗ ಉಳಿಯುವುದಿಲ್ಲ. ಬೀಗವೇ ಇಲ್ಲದೆ ಮಾರುವವರೂ ಇದ್ದಾರೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಶುರುಮಾಡಿದ ಜಿಒಜಿ ಮಳಿಗೆಯಲ್ಲಿ ಕೊಂಡ ಆಟದ ಇನ್‌ಸ್ಟಾಲರನ್ನು ಇಳಿಸಿಕೊಂಡು, ಪೆನ್ ಡ್ರೈವಿನಲ್ಲಿ ಹಾಕಿ, ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ಆಡಬಹುದು. ಅವರದೇ ದಿ ವಿಚರ್ 3 ಆಟವನ್ನು 2015ರಲ್ಲಿ ಮೊದಲ ದಿನದಿಂದಲೇ ಅಲ್ಲಿ ಹಾಗೆ ಮಾರಿದರು; 2023ರ ಹೊತ್ತಿಗೆ ಅದರ ಎಲ್ಲ ಕಡೆಯೂ ಸೇರಿ 5 ಕೋಟಿಗೂ ಹೆಚ್ಚು ಪ್ರತಿಗಳು ಹೋದವೆಂದು ಕಂಪನಿ ಹೇಳಿತು. ಬೀಗವಿಲ್ಲದ ಪ್ರತಿ ಸಿಗುತ್ತಿದ್ದಾಗಲೂ ಜನ ಆ ಆಟಕ್ಕೆ ದುಡ್ಡು ಕೊಟ್ಟರು ಎಂಬುದು ನನ್ನಂಥವನಿಗೆ ಬಹಳ ಧೈರ್ಯ ಕೊಡುವ ಸಂಗತಿ.

ಹುಡುಗ ಹೊರಡುವ ಮುನ್ನಾದಿನ, ಅಂಥ ಬೀಗವಿಲ್ಲದ ಒಂದು ಹಳೆಯ ಆಟವನ್ನು ಕೊಂಡೆ. ಅವನು ಕೇಳಿದ ಆಟ ಅಲ್ಲಿ ಇರಲಿಲ್ಲ, ಇದು ಬೇರೆಯದು. ಇನ್‌ಸ್ಟಾಲರನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಕೊಂಡ ರಸೀದಿಯನ್ನೂ ಅದೇ ಫೋಲ್ಡರಿನಲ್ಲಿ ಸೇರಿಸಿ ಅವನ ಕೈಗೆ ಕೊಟ್ಟೆ. ಡೆಕ್ಕನ್ ಕ್ವೀನ್‌ನಲ್ಲಿ ಹೋಗುವಾಗ ಅಪ್ಪನ ಲ್ಯಾಪ್‌ಟಾಪಿಗೆ ಹಾಕಿ, ಕರ್ಜತ್ ದಾಟಿ ಘಾಟಿ ಹತ್ತುವಾಗ ಆಡಲು ಶುರುಮಾಡಿದನಂತೆ. ರಾತ್ರಿ ಫೋನು ಮಾಡಿ ಮೊದಲು ಹೇಳಿದ್ದು ಎರಡನೆಯ ಹಂತದಲ್ಲಿ ಸೇತುವೆ ದಾಟಲು ಆಗುತ್ತಿಲ್ಲ ಎಂಬುದನ್ನು. ಅದಕ್ಕೆ ಉಪಾಯ ಹೇಳಿಕೊಟ್ಟ ಮೇಲೆ, “ಆ ಇನ್ನೊಂದು ಆಟ ಸರಿ ಹೋಯ್ತಾ ಮಾವ?” ಎಂದು ಕೇಳಿದ. ಇಲ್ಲ ಎಂದೆ.

ಕಂಪನಿಗೆ ನಾನು ಇನ್ನೊಂದು ಪತ್ರ ಬರೆದಿದ್ದೇನೆ. ನನ್ನ ಖಾತೆ ನನ್ನದೆಂದು ನೀವೇ ಒಪ್ಪಿದ್ದೀರಿ, ಆಟ ಮಾರಿದವರು ನೀವು, ಸೇವೆ ನಿಲ್ಲಿಸಿದವರೂ ನೀವು. ಲಾಗಿನ್ ಕೇಳದಂತೆ ಮಾಡುವ ಒಂದು ಸಣ್ಣ ಪ್ಯಾಚ್ ಕೊಡಿ, ಆಮೇಲೆ ನಿಮಗೆ ನಮ್ಮಿಂದ ಯಾವ ತೊಂದರೆಯೂ ಇಲ್ಲ ಎಂದು. ಅದರ ಜೊತೆಗೆ ಬಿಲ್ಲಿನ ಪ್ರತಿಯನ್ನೂ ಕಳುಹಿಸಿದೆ. ಅಂಗಡಿಯವರು ಅಂದು ಕೊಟ್ಟ ಮೂಲ ಬಿಲ್ಲು ಪೂರ್ತಿ ಮಾಸಿ ಬರೀ ಬಿಳಿ ಕಾಗದವಾಗಿದೆ. ದೊಡ್ಡಪ್ಪನ ಮಾತಿನಂತೆ ಪ್ರತಿ ಡಬ್ಬಿಯ ಬಿಲ್ಲಿಗೂ ಮಾಡಿಸಿಟ್ಟಿದ್ದ ಜೆರಾಕ್ಸುಗಳಲ್ಲಿ ತಾರೀಖು, ಮೊತ್ತ, ಅಂಗಡಿಯ ಮೊಹರು ಎಲ್ಲ ಸ್ಪಷ್ಟವಾಗಿವೆ.